ಅವರ ಅಳತೆಪಟ್ಟಿ, ನಮ್ಮ ಸಕ್ಕರೆ ಕಾಯಿಲೆ

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮಷೀನ್ ಲರ್ನಿಂಗ್ ಮಿನಿ ಪ್ರಾಜೆಕ್ಟ್ ಅಂದರೆ ಅರ್ಧ ತಂಡಗಳು ಎತ್ತಿಕೊಳ್ಳುವುದು ಒಂದೇ ವಿಷಯ: ‘ಡಯಾಬಿಟಿಸ್ ಪ್ರಿಡಿಕ್ಷನ್’. ಡೇಟಾಸೆಟ್ ಕೂಡ ಒಂದೇ. ಅದರ ಹೆಸರು ‘ಪಿಮಾ ಇಂಡಿಯನ್ಸ್’. 768 ಸಾಲು, ಎಂಟು ಕಾಲಂ. ಡೌನ್‌ಲೋಡ್ ಮಾಡಿ, ಕೋಡ್ ಓಡಿಸಿ, ಶೇ 78 ಅಕ್ಯುರಸಿ ಬಂತು ಅಂತ ಸ್ಲೈಡ್ ಹಾಕಿದರೆ ಮುಗಿಯಿತು. ಕಳೆದ ಸೆಮಿಸ್ಟರ್ ವೈವಾದಲ್ಲಿ ಎಕ್ಸ್‌ಟರ್ನಲ್ ಒಬ್ಬರು ಒಂದು ತಂಡಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ‘ಇವರು ಯಾವ ಇಂಡಿಯನ್ಸ್ ಕಣ್ರೀ?’ ಉತ್ತರ ಬರಲಿಲ್ಲ. ಆ 768 ಮಂದಿಯೂ ಅಮೆರಿಕದ ಅರಿಜೋನಾ ರಾಜ್ಯದ ಪಿಮಾ ಎಂಬ ಮೂಲನಿವಾಸಿ ಸಮುದಾಯದ ಮಹಿಳೆಯರು. ನಮ್ಮ ಹಾವೇರಿಗೂ ಹೊಸಪೇಟೆಗೂ ಅವರಿಗೂ ಹೆಸರಿನ ನಂಟು ಬಿಟ್ಟರೆ ಬೇರೇನಿಲ್ಲ.

ಇದನ್ನು ನಕ್ಕು ಮರೆಯಬಹುದು. ಮಿನಿ ಪ್ರಾಜೆಕ್ಟ್ ತಾನೇ, ಯಾರ ಜೀವ ಹೋಗುತ್ತದೆ? ಆದರೆ ನಿಜವಾದ ವೈದ್ಯವಿಜ್ಞಾನದಲ್ಲೂ ಹೀಗೇ ಆಗಿದೆ. ಒಂದು ಜನಾಂಗದ ಡೇಟಾ ಮೇಲೆ ಕಟ್ಟಿದ ಲೆಕ್ಕವನ್ನು ಇಡೀ ಲೋಕಕ್ಕೆ ಹಚ್ಚುವ ಅಭ್ಯಾಸ ಅಲ್ಲೂ ಇದೆ. ಅದು ಅತಿ ಸ್ಪಷ್ಟವಾಗಿ ಕಾಣುವ ಜಾಗ ಸಕ್ಕರೆ ಕಾಯಿಲೆಯೇ. ನಮ್ಮಪ್ಪ, ದೊಡ್ಡಪ್ಪಂದಿರಿಗೆ ಬರುವ ಟೈಪ್ 2 ಅಲ್ಲ, ಮಕ್ಕಳಿಗೆ ಮತ್ತು ನಮ್ಮ ವಯಸ್ಸಿನವರಿಗೆ ಬರುವ ಟೈಪ್ 1.

ಟೈಪ್ 1 ಒಂದು ಆಟೊಇಮ್ಯೂನ್ ಕಾಯಿಲೆ. ರೋಗಾಣುಗಳ ಮೇಲೆ ಯುದ್ಧ ಮಾಡಬೇಕಾದ ದೇಹದ ರಕ್ಷಣಾ ಪಡೆ ತನ್ನದೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರು ಎಂದುಕೊಂಡು ಕೊಲ್ಲುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ನಿಂತ ಮೇಲೆ ಹೊರಗಿನಿಂದ ಕೊಡಲೇಬೇಕು, ಮಾತ್ರೆಯಿಂದ ಆಗುವುದಿಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ 20 ವರ್ಷದೊಳಗಿನ ಟೈಪ್ 1 ರೋಗಿಗಳು ಅತಿ ಹೆಚ್ಚು ಇರುವ ದೇಶ ಭಾರತ, ಸುಮಾರು 2.29 ಲಕ್ಷ. ಪ್ರಮಾಣದಲ್ಲಿ ನಾವು ಮುಂದಿಲ್ಲ, ಜನಸಂಖ್ಯೆಯಲ್ಲಿ ಮುಂದಿದ್ದೇವೆ, ಅಷ್ಟೇ. ಕರ್ನಾಟಕದ ಟೈಪ್ 1 ನೋಂದಣಿಯ 13 ವರ್ಷಗಳ ದಾಖಲೆಯಲ್ಲಿ ವರ್ಷಕ್ಕೆ ಲಕ್ಷ ಹುಡುಗರಿಗೆ 3.7, ಲಕ್ಷ ಹುಡುಗಿಯರಿಗೆ 4.0 ಹೊಸ ಪ್ರಕರಣ. ಫಿನ್ಲೆಂಡಿನಲ್ಲಿ ಇದೇ ಲೆಕ್ಕ ಲಕ್ಷ ಮಕ್ಕಳಿಗೆ 50ಕ್ಕೂ ಮೇಲೆ, ಜಪಾನಿನಲ್ಲಿ ಸುಮಾರು 2.

ಇಷ್ಟೊಂದು ವ್ಯತ್ಯಾಸ ಏಕೆ? ಒಂದು ಪಾಲು ಉತ್ತರ ನಮ್ಮ 6ನೇ ಕ್ರೋಮೋಸೋಮಿನಲ್ಲಿರುವ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿನಲ್ಲಿದೆ. ಈ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳನ್ನು ತಟ್ಟೆಗಳೆಂದು ಭಾವಿಸಿ. ದೇಹದ ಒಳಗಿನ ಚೂರುಪಾರುಗಳನ್ನು ಈ ತಟ್ಟೆಯಲ್ಲಿಟ್ಟು ಸೈನಿಕ ಕೋಶಗಳಿಗೆ ತೋರಿಸಲಾಗುತ್ತದೆ: ‘ನೋಡು, ಇದು ನಮ್ಮದೋ, ಪರಕೀಯವೋ?’ ತಟ್ಟೆಯ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಕೆಲವು ಆಕಾರದ ತಟ್ಟೆಗಳು ಇನ್ಸುಲಿನ್ ಕೋಶದ ಚೂರನ್ನು ತೋರಿಸುವ ರೀತಿಯಲ್ಲೇ ಎಡವಟ್ಟಾಗುತ್ತದೆ. ಟೈಪ್ 1ರ ಆನುವಂಶಿಕ ಅಪಾಯದಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಪ್ರದೇಶದಿಂದ ಬರುತ್ತದೆ. ಉಳಿದದ್ದು ಬೇರೆ ಕ್ರೋಮೋಸೋಮುಗಳಲ್ಲಿ ಚೆಲ್ಲಾಪಿಲ್ಲಿಯಾಗಿರುವ ಹತ್ತಾರು ಜೀನ್‌ಗಳ ಸಣ್ಣ ಸಣ್ಣ ಪಾಲು.

ಕಥೆ ತಿರುವು ಪಡೆಯುವುದು ಇಲ್ಲಿ. ಯುರೋಪಿನ ರೋಗಿಗಳಲ್ಲಿ ಡಿಆರ್3 ಮತ್ತು ಡಿಆರ್4 ಎಂಬ ಎರಡು ಬಗೆಗಳು ಮುಖ್ಯ ಆರೋಪಿಗಳು. ಎರಡೂ ಒಟ್ಟಿಗೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಪಠ್ಯಪುಸ್ತಕದಲ್ಲಿ ಬಂದದ್ದೂ ಇದೇ. ಆದರೆ ಜಪಾನಿನಲ್ಲಿ ಡಿಆರ್3 ಇಲ್ಲವೆನ್ನುವಷ್ಟು ಅಪರೂಪ. ಅಲ್ಲಿ ಅಪಾಯ ತರುವುದು ಡಿಆರ್9 ಮತ್ತು ಡಿಆರ್4ರಲ್ಲೇ ಬೇರೊಂದು ಉಪಬಗೆ. ಭಾರತದ ರೋಗಿಗಳಲ್ಲಿ ಡಿಆರ್3ರದ್ದೇ ದೊಡ್ಡ ಪಾತ್ರ, ಡಿಆರ್4 ಯುರೋಪಿನಷ್ಟು ಮುಂದೆ ಬರುವುದಿಲ್ಲ. ಆಫ್ರಿಕಾ ಮೂಲದವರದ್ದು ಇನ್ನೂ ವಿಚಿತ್ರ. ಯುರೋಪಿಯನ್ನರಲ್ಲಿ ಡಿಆರ್7 ಒಂದು ಮಟ್ಟಿಗೆ ರಕ್ಷಣೆ ಕೊಡುವ ಬಗೆ. ಆಫ್ರಿಕನ್ ಮೂಲದವರಲ್ಲೇ ಕಾಣುವ ಒಂದು ಡಿಆರ್7 ಬಗೆ ಮಾತ್ರ ಅಪಾಯ ಹೆಚ್ಚಿಸುತ್ತದೆ. ಡಿಆರ್3ರಲ್ಲಿ ಇದರ ತಿರುಗುಮುರುಗು: ಯುರೋಪಿನಲ್ಲಿ ಅಪಾಯಕಾರಿಯಾದ ಈ ಗುಂಪಿನ ಆಫ್ರಿಕನ್ ಉಪಬಗೆಯೊಂದು ರಕ್ಷಣೆ ಕೊಡುತ್ತದೆ. ಹೆಸರು ಒಂದೇ, ಕೆಲಸ ಉಲ್ಟಾ.

ಇದನ್ನು ತಿಳಿಯದೆ ಯುರೋಪಿನ ಪಟ್ಟಿ ಹಿಡಿದು ಎಲ್ಲರನ್ನೂ ಅಳೆದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಈ ಅಳೆಯುವ ಸಾಧನಕ್ಕೆ ‘ಜೆನೆಟಿಕ್ ರಿಸ್ಕ್ ಸ್ಕೋರ್’ ಎಂದು ಹೆಸರು. ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಕಾಯಿಲೆಯ ಜೊತೆ ನಂಟಿರುವ ಕೆಲವು ಜಾಗಗಳನ್ನು ನೋಡಿ, ಒಂದೊಂದಕ್ಕೂ ತೂಕ ಕೊಟ್ಟು, ಕೂಡಿ ಒಂದು ಅಂಕ ಕೊಡುವುದು. ನಮಗೆ ಗೊತ್ತಿರುವ ಲೀನಿಯರ್ ಮಾಡೆಲ್‌ನ ಅಣ್ಣತಮ್ಮ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ 30 ಜಾಗಗಳನ್ನಿಟ್ಟುಕೊಂಡು ಇಂಥ ಸ್ಕೋರ್ ಪ್ರಕಟಿಸಿತು. ಯುವ ರೋಗಿಗೆ ಇರುವುದು ಟೈಪ್ 1ರೋ ಟೈಪ್ 2ರೋ ಎಂದು ಹೇಳಲು ಅದು ಚೆನ್ನಾಗಿ ಕೆಲಸ ಮಾಡಿತು. 2018ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ ಮಾಹಿತಿಯ ಮೇಲೆ ಇದನ್ನು ಓಡಿಸಿದಾಗ ವೈದ್ಯರನ್ನೇ ಬೆಚ್ಚಿಸುವ ಸಂಗತಿ ಹೊರಬಂತು. 60 ವರ್ಷದೊಳಗೆ ಬಂದ, ಜೀನ್ ಲೆಕ್ಕದಲ್ಲಿ ಟೈಪ್ 1 ಎನಿಸುವ ಪ್ರಕರಣಗಳಲ್ಲಿ ಶೇ 42ರಷ್ಟು 30 ವರ್ಷ ದಾಟಿದ ಮೇಲೆ ಶುರುವಾದವು. ‘ಮಕ್ಕಳ ಕಾಯಿಲೆ’ ಎಂಬ ಅಡ್ಡಹೆಸರೇ ಸುಳ್ಳಾಯಿತು. ಡೇಟಾ ಇರುವ ಜನರಿಗೆ ಇಂಥ ಅರಿವು ದಕ್ಕುತ್ತದೆ.

ಇದೇ ಸ್ಕೋರ್ ಬೇರೆ ಜನಾಂಗದಲ್ಲಿ ಮಂಕಾಗುವುದಕ್ಕೆ ಎಚ್‌ಎಲ್‌ಎ ಬಗೆಗಳ ವ್ಯತ್ಯಾಸ ಒಂದು ಕಾರಣ. ಇನ್ನೊಂದು ಇಂಜಿನಿಯರಿಂಗ್‌ನವರಿಗೆ ಬೇಗ ಅರ್ಥವಾಗುವಂಥದ್ದು. ಸ್ಕೋರಿನಲ್ಲಿರುವ ಎಷ್ಟೋ ಜಾಗಗಳು ಕಾಯಿಲೆ ತರುವ ಬದಲಾವಣೆಗಳೇ ಅಲ್ಲ, ಅದರ ಪಕ್ಕದ ಗುರುತುಗಳು. ‘ಬಸ್ ಸ್ಟ್ಯಾಂಡ್ ಹಿಂದೆ, ಹಸಿರು ಗೇಟ್ ಪಕ್ಕದ ಮನೆ’ ಅಂತ ವಿಳಾಸ ಹೇಳುತ್ತೇವಲ್ಲ, ಹಾಗೆ. ಆ ಊರಲ್ಲಿ ವಿಳಾಸ ಸರಿ. ಇನ್ನೊಂದು ಊರಿನ ಬಸ್ ಸ್ಟ್ಯಾಂಡ್ ಹಿಂದೆಯೂ ಹಸಿರು ಗೇಟ್ ಇರಬಹುದು, ಪಕ್ಕದ ಮನೆಯಲ್ಲಿ ಇರುವವರು ಬೇರೆ. ಸಾವಿರಾರು ವರ್ಷ ಬೇರೆ ಬೇರೆ ದಾರಿಯಲ್ಲಿ ಬಂದ ಜನಾಂಗಗಳಲ್ಲಿ ಯಾವ ಗುರುತಿನ ಪಕ್ಕ ಯಾವ ಜೀನ್ ಬಗೆ ಇರುತ್ತದೆ ಎಂಬುದು ಬದಲಾಗಿದೆ. ಬೆಂಗಳೂರಿನ ಕನ್ನಡ ಕೇಳಿ ಕಲಿತ ವಾಯ್ಸ್ ಆ್ಯಪ್ ಕಲಬುರಗಿಯ ಅಜ್ಜಿಯ ಮಾತಿಗೆ ತಡಬಡಾಯಿಸಿದರೆ ನಾವು ಅಜ್ಜಿಯನ್ನು ಬೈಯುವುದಿಲ್ಲ. ಟ್ರೈನಿಂಗ್ ಡೇಟಾ ಸರಿಯಿಲ್ಲ ಅನ್ನುತ್ತೇವೆ.

ಇಲ್ಲಿಯ ಟ್ರೈನಿಂಗ್ ಡೇಟಾ ಎಂಥದ್ದು ನೋಡಿ. ಇಡೀ ಜೀನೋಮ್ ಜಾಲಾಡಿ ಕಾಯಿಲೆಗಳ ಜಾಡು ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ 2009ರಲ್ಲಿ ಶೇ 96ರಷ್ಟು ಯುರೋಪ್ ಮೂಲದವರು. 2016ರ ಹೊತ್ತಿಗೆ ಅದು ಶೇ 81ಕ್ಕೆ ಇಳಿಯಿತು. ಟೈಪ್ 1 ಹೇಗೆ ಶುರುವಾಗುತ್ತದೆ ಎಂದು ಹುಟ್ಟಿದಾಗಿನಿಂದಲೇ ಮಕ್ಕಳನ್ನು ಹಿಂಬಾಲಿಸುವ ‘ಟೆಡ್ಡಿ’ ಎಂಬ ದೊಡ್ಡ ಅಧ್ಯಯನ ಇದೆ. ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅದ್ಭುತ ಕೆಲಸ. ನಡೆದದ್ದು ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ. ಏಷ್ಯಾದ, ಆಫ್ರಿಕಾದ ಒಂದು ಊರೂ ಇಲ್ಲ. ಇದರಲ್ಲಿ ಪಿತೂರಿ ಹುಡುಕುವ ಅಗತ್ಯವಿಲ್ಲ. ಯಾರ ಬಳಿ ದುಡ್ಡು, ಲ್ಯಾಬ್, ರೋಗಿಗಳ ದಾಖಲೆ ಇತ್ತೋ ಅವರು ಮಾಡಿದರು. ನಾವು ಮಾಡಲಿಲ್ಲ.

ಮಾಡಿದಾಗ ಏನು ಸಿಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2019ರಲ್ಲಿ ಆಫ್ರಿಕನ್ ಮೂಲದವರ ಮಾಹಿತಿಯಿಂದಲೇ ಒಂದು ಟೈಪ್ 1 ಸ್ಕೋರ್ ಕಟ್ಟಿದರು. ಅದಕ್ಕೆ ಬೇಕಾದದ್ದು ಬರೀ ಏಳು ಜಾಗ. ಯುರೋಪಿನ ದೊಡ್ಡ ಸ್ಕೋರಿಗಿಂತ ಅವರ ಮಟ್ಟಿಗೆ ಅದೇ ಚೆನ್ನಾಗಿ ಕೆಲಸ ಮಾಡಿತು. ನಮ್ಮಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧಕರು ಎಕ್ಸೆಟರ್ ತಂಡದ ಜೊತೆ ಸೇರಿ ಯುರೋಪಿನ ಸ್ಕೋರನ್ನು ಭಾರತೀಯ ರೋಗಿಗಳ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಕೋರ್ ಇಲ್ಲೂ ಕೆಲಸ ಮಾಡುತ್ತದೆ, ಆದರೆ ಅಲ್ಲಿಯಷ್ಟಲ್ಲ, ಜೀನ್‌ಗಳ ಪಾತ್ರದಲ್ಲೂ ವ್ಯತ್ಯಾಸಗಳಿವೆ ಎಂಬುದು ಅದರ ಸಾರ. ಒಳ್ಳೆಯ ಸುದ್ದಿಯೇ. ಪೂರ್ತಿ ಸೊನ್ನೆಯಿಂದ ಶುರು ಮಾಡಬೇಕಿಲ್ಲ, ನಮ್ಮ ಮೈಗೆ ತಕ್ಕಂತೆ ತಿದ್ದಬೇಕು. ಆದರೆ ಪುಣೆಯ ಒಂದು ಆಸ್ಪತ್ರೆಯ ಕೆಲವು ನೂರು ರೋಗಿಗಳು ಇಡೀ ಭಾರತ ಆಗುವುದಿಲ್ಲವಲ್ಲ.

ಇಷ್ಟಕ್ಕೂ ಟೈಪ್ 1ರೋ 2ರೋ ಎಂದು ತಿಳಿಯುವುದು ಅಷ್ಟು ಕಷ್ಟವೇ ಎಂದು ಕೇಳಬಹುದು. ನಮ್ಮ ದೇಶದಲ್ಲಿ ಹೌದು. ಯುರೋಪಿನಲ್ಲಿ ತೆಳ್ಳಗಿನ ಹತ್ತೊಂಬತ್ತರ ಹುಡುಗಿಗೆ ಶುಗರ್ ಬಂದರೆ ವೈದ್ಯರ ಅನುಮಾನ ಮೊದಲು ಟೈಪ್ 1ರ ಮೇಲೆ ಹೋಗುತ್ತದೆ. ಭಾರತೀಯರಿಗೆ ಟೈಪ್ 2 ಕೂಡ ಬೇಗ ಬರುತ್ತದೆ, ದಪ್ಪ ಇಲ್ಲದವರಿಗೂ ಬರುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಸೀನಿಯರ್ ಅಕ್ಕ ಒಬ್ಬರಿದ್ದರು. ಫಸ್ಟ್ ಇಯರ್‌ನಲ್ಲಿ ಶುಗರ್ ಕಾಣಿಸಿಕೊಂಡಾಗ ಊರಿನ ವೈದ್ಯರು ‘ಅಪ್ಪನಿಗೂ ಇದೆಯಲ್ಲ’ ಎಂದು ಮಾತ್ರೆ ಬರೆದರಂತೆ. ತೂಕ ಇಳಿಯುತ್ತಲೇ ಹೋಯಿತು. ಎರಡು ತಿಂಗಳಿಗೆ ವಾಂತಿ, ಏದುಸಿರು, ನೇರ ಐಸಿಯು. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿತ್ತು. ಅಪ್ಪನದು ಟೈಪ್ 2, ಮಗಳದು ಟೈಪ್ 1. ಮನೆಯಲ್ಲಿ ಯಾರಿಗಿದೆ ಎಂಬ ಪ್ರಶ್ನೆಯೇ ದಾರಿ ತಪ್ಪಿಸಿತ್ತು. ಹಾಗೆ ನೋಡಿದರೆ ಟೈಪ್ 1 ಬಂದ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಟೈಪ್ 1 ಇರುವುದೇ ಇಲ್ಲ.

ಗೊತ್ತುಮಾಡಿಕೊಳ್ಳಲು ಆ್ಯಂಟಿಬಾಡಿ ಪರೀಕ್ಷೆ, ಸಿ-ಪೆಪ್ಟೈಡ್ ಪರೀಕ್ಷೆ ಇವೆ. ಮೊದಲು ಅವನ್ನೇ ಮಾಡಿಸಬೇಕು. ಆದರೆ ಆ್ಯಂಟಿಬಾಡಿಗಳು ವರ್ಷ ಕಳೆದಂತೆ ಕರಗಬಹುದು. ಡಿಎನ್‌ಎ ಕರಗುವುದಿಲ್ಲ, ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. ಕ್ಯಾಮರೂನ್, ಉಗಾಂಡ, ದಕ್ಷಿಣ ಆಫ್ರಿಕಾಗಳಲ್ಲಿ ಟೈಪ್ 1 ಎಂದು ಚಿಕಿತ್ಸೆ ಪಡೆಯುತ್ತಿದ್ದ ಯುವಜನರನ್ನು ಪರೀಕ್ಷಿಸಿದ ಅಧ್ಯಯನ 2025ರಲ್ಲಿ ಹೊರಬಂತು. ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಆ್ಯಂಟಿಬಾಡಿಯೇ ಇರಲಿಲ್ಲ, ಅವರ ಜೀನ್ ಸ್ಕೋರ್ ಕೂಡ ಕಡಿಮೆ. ಅಂದರೆ ಅವರದ್ದು ಆಟೊಇಮ್ಯೂನ್ ಅಲ್ಲದ, ಬೇರೆಯೇ ಬಗೆಯ ಮಧುಮೇಹ ಇರಬಹುದು. ಅಲ್ಲೇ ಹೋಗಿ ನೋಡದಿದ್ದರೆ ಈ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಕಾಯಿಲೆ ಪೂರ್ತಿ ಪ್ರಕಟವಾಗುವುದನ್ನು ಸರಾಸರಿ ಎರಡು ವರ್ಷದಷ್ಟು ಮುಂದೂಡುವ ಟೆಪ್ಲಿಜುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಅದನ್ನು ಕೊಡಬೇಕಾದದ್ದು ಲಕ್ಷಣ ಕಾಣುವ ಮೊದಲೇ. ಯಾರಿಗೆ ಬರಲಿದೆ ಎಂದು ಮೊದಲೇ ಹೇಳಬಲ್ಲ ಸಾಧನ ಯಾವ ಜನರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೋ ಅವರ ಮಕ್ಕಳಿಗೆ ಮೊದಲು ಅನುಕೂಲ. ಉಳಿದವರು ಐಸಿಯುವಿಗೆ ಬಂದ ಮೇಲೆ ಪತ್ತೆಯಾಗಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇನ್ಸುಲಿನ್, ಸ್ಟ್ರಿಪ್ ಕೊಳ್ಳಲು ಪರದಾಡುವ ಮನೆಗಳಿರುವಾಗ ಜೀನು, ಜೀನೋಮು ಎಂದು ಮಾತಾಡುವುದು ಶೋಕಿಯಲ್ಲವೇ? ಇನ್ಸುಲಿನ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸದಾ ಸಿಗಬೇಕು. ಆದರೆ ಯಾರಿಗೆ ಇನ್ಸುಲಿನ್ ಬೇಕೇಬೇಕು, ಯಾರಿಗೆ ಮಾತ್ರೆ ಸಾಕು ಎಂದು ತಪ್ಪಾಗಿ ನಿರ್ಧರಿಸಿದರೆ ದುಡ್ಡೂ ಹೋಗುತ್ತದೆ, ಜೀವಕ್ಕೂ ಕುತ್ತು. ಬಡವನಿಗೆ ತಪ್ಪು ಚಿಕಿತ್ಸೆ ಶ್ರೀಮಂತನಿಗಿಂತ ದುಬಾರಿ.

ಇನ್ನು ಎಲ್ಲವೂ ಜೀನ್‌ನಲ್ಲೇ ಬರೆದಿದೆ ಎಂದುಕೊಳ್ಳುವುದೂ ತಪ್ಪು. ಒಂದೇ ಜೀನ್ ಹಂಚಿಕೊಂಡ ಅವಳಿಗಳಲ್ಲಿ ಒಬ್ಬರಿಗೆ ಟೈಪ್ 1 ಬಂದರೂ ಇನ್ನೊಬ್ಬರಿಗೆ ಬರದೇ ಇರುವುದುಂಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳ ಮಕ್ಕಳಲ್ಲಿ 1970ರ ದಶಕದ ಕೊನೆಗೆ ಲಕ್ಷಕ್ಕೆ ಸುಮಾರು 3 ಇದ್ದ ಹೊಸ ಪ್ರಕರಣಗಳು ಹತ್ತು ವರ್ಷದಲ್ಲಿ ಸುಮಾರು 12ಕ್ಕೆ ಏರಿದವು. ಹತ್ತು ವರ್ಷದಲ್ಲಿ ಜೀನ್ ಬದಲಾಗುವುದಿಲ್ಲ, ಊರು ಬದಲಾಗಿತ್ತು. ಫಿನ್ಲೆಂಡ್ ಮತ್ತು ಗಡಿಯಾಚೆಯ ರಷ್ಯಾದ ಕರೇಲಿಯಾದಲ್ಲಿ ಅಪಾಯದ ಎಚ್‌ಎಲ್‌ಎ ಬಗೆಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೂ ಕಾಯಿಲೆಯ ಪ್ರಮಾಣ ಗಡಿಯ ಈಚೆಗೆ ಆರು ಪಟ್ಟು ಹೆಚ್ಚು ಇತ್ತು. ಮೇಲೆ ಹೇಳಿದ ಫಿನ್ಲೆಂಡ್, ಜಪಾನ್ ಅಂಕಿಗಳನ್ನೂ ಈ ಎಚ್ಚರದಿಂದಲೇ ಓದಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ‘ವಂಶ’ ಎಂಬ ಮಾತು ಬಂದ ಕೂಡಲೇ ಲಗ್ನಪತ್ರಿಕೆ ನೆನಪಾಗುತ್ತದೆ. ಆ ಸೀನಿಯರ್ ಅಕ್ಕ ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ಚುಚ್ಚಿಕೊಳ್ಳುವುದಕ್ಕೆ ಹೆದರಿದ್ದನ್ನು ನಾನು ಕಂಡಿಲ್ಲ. ಹೆದರಿದ್ದು ಮನೆಯಿಂದ ಬರುವ ಫೋನಿಗೆ. ‘ಯಾರಿಗೂ ಹೇಳಬೇಡ, ನಾಳೆ ಸಂಬಂಧ ಕುದುರಲ್ಲ’ ಎಂಬುದೇ ಅದರ ಸಾರ. ತಾಯಿಗೆ ಟೈಪ್ 1 ಇದ್ದರೆ ಮಗುವಿಗೆ ಬರುವ ಸಾಧ್ಯತೆ ಕಾಯಿಲೆ ಹೆಚ್ಚಿರುವ ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲೂ ನೂರಕ್ಕೆ ಐದಕ್ಕಿಂತ ಕಡಿಮೆ. ನಾಳೆ ಜೀನ್ ಸ್ಕೋರ್ ಅಗ್ಗವಾಗಿ ಸಿಕ್ಕರೆ ಜಾತಕದ ಜೊತೆ ಅದನ್ನೂ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಹಾಗೇ ‘ಇಂಥ ಜಾತಿಯವರಿಗೆ ಈ ಕಾಯಿಲೆ’ ಎನ್ನುವ ವಾಟ್ಸ್‌ಆ್ಯಪ್ ಪಂಡಿತರೂ. ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಿರುವ ದೇಶ ನಮ್ಮದು, ‘ಭಾರತೀಯ ಜೀನ್’ ಎಂಬ ಒಂದೇ ವಸ್ತು ಇಲ್ಲ. ಆದ್ದರಿಂದ ಸಂಶೋಧಕರು ಸಮುದಾಯಗಳನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಆ ಮಾಹಿತಿ ಬೀದಿಯ ಮಾತಾಗದಂತೆ, ವಿಮಾ ಕಂಪನಿಯ ಕೈಗೆ ಹೋಗದಂತೆ ಕಾಯುವ ಕಾನೂನನ್ನೂ ಅದರ ಜೊತೆಗೇ ಕೇಳಬೇಕು.

ಕೆಲಸ ಶುರುವಾಗಿಲ್ಲ ಎಂದೇನಲ್ಲ. 10,000 ಭಾರತೀಯರ ಜೀನೋಮ್ ಓದುವ ‘ಜೀನೋಮ್ ಇಂಡಿಯಾ’ ಯೋಜನೆಯ ನೇತೃತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಅದು ಇದೆ. ಹೆಮ್ಮೆಪಡಬಹುದಾದ ಕೆಲಸ. ಆದರೆ ಅದು ಆರೋಗ್ಯವಂತರ ಜೀನೋಮ್. ಹೋಲಿಸಲು ಅದು ಬೇಕು, ಕಾಯಿಲೆಯ ಜಾಡು ಹಿಡಿಯಲು ರೋಗಿಗಳದ್ದೂ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸದ್ಯಕ್ಕೆ ನೆಗೆಟಿವ್ ಕ್ಲಾಸ್ ಸಿಕ್ಕಿದೆ, ಪಾಸಿಟಿವ್ ಕ್ಲಾಸ್ ಬರಬೇಕಿದೆ.

ಅಲ್ಲಿಯವರೆಗೆ ಕನಿಷ್ಠ ಒಂದು ನಿಯಮ ಬರಲಿ. ಎಂಜಲು ಕಳಿಸಿದರೆ ಮುಂದೆ ಬರುವ ಕಾಯಿಲೆಗಳ ಪಟ್ಟಿ ಕೊಡುತ್ತೇವೆ ಎನ್ನುವ ಕಂಪನಿಗಳ ಜಾಹೀರಾತು ನಮ್ಮ ಫೋನುಗಳಿಗೆ ದಿನವೂ ಬರುತ್ತವೆ. ಸ್ಕೋರನ್ನು ಯಾವ ದೇಶದ, ಯಾವ ಮೂಲದ, ಎಷ್ಟು ಜನರ ಮಾಹಿತಿಯಿಂದ ಕಟ್ಟಲಾಗಿದೆ, ಭಾರತೀಯರ ಮೇಲೆ ಪರೀಕ್ಷಿಸಲಾಗಿದೆಯೇ ಎಂಬುದನ್ನು ರಿಪೋರ್ಟಿನ ಮೊದಲ ಪುಟದಲ್ಲೇ, ಕನ್ನಡದಲ್ಲೂ, ಅವರು ಅಚ್ಚು ಹಾಕಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆಂದು ಬರೆಯಲೇಬೇಕಂತೆ. ಆಯುಷ್ಯದ ಲೆಕ್ಕ ಹೇಳುವ ಕಾಗದಕ್ಕೆ ಅಷ್ಟೂ ಬೇಡವೇ?

ಇನ್ನು ರೋಗಿಗಳ ಮಾಹಿತಿ. ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳಿಗೆ ಟೈಪ್ 1 ಮಕ್ಕಳು ಪ್ರತಿ ತಿಂಗಳೂ ಬರುತ್ತಾರೆ. ಅಲ್ಲಿಯ ಮಕ್ಕಳ ವಿಭಾಗಕ್ಕೂ ಪಕ್ಕದ ಇಂಜಿನಿಯರಿಂಗ್ ಕಾಲೇಜಿಗೂ ನಡುವೆ ಇರುವುದು ಎಷ್ಟೋ ಕಡೆ ಒಂದು ಕಾಂಪೌಂಡ್ ಗೋಡೆ. ರೋಗಿಗಳ ಒಪ್ಪಿಗೆ ಪಡೆಯುವುದು, ರಕ್ತದ ಮಾದರಿ ಇಡುವುದು, ನೈತಿಕ ಸಮಿತಿಯ ಅನುಮತಿ, ಇವು ವೈದ್ಯರ ಕೆಲಸ. ಹೆಸರು ಅಳಿಸಿ ದಾಖಲೆ ಜೋಡಿಸುವುದು, ಪೈಪ್‌ಲೈನ್ ಬರೆಯುವುದು, ಯುರೋಪಿನ ಸ್ಕೋರ್ ಇಲ್ಲಿ ಎಲ್ಲಿ ಜಾರುತ್ತದೆ ಎಂದು ಲೆಕ್ಕ ಹಾಕುವುದು ನಮ್ಮ ಕೈಲಿ ಆಗುವ ಕೆಲಸ. ಎಂಟನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ಗೈಡ್ ಹುಡುಕುತ್ತಿರುವವರು ಈ ಸಲ ಒಮ್ಮೆ ಆ ಗೋಡೆಯ ಆಚೆಗೂ ಹೋಗಿ ಕೇಳಿ ನೋಡಿ. ನಮ್ಮ ತಂಡದ ನಾಲ್ವರು ಕೇಳಿದ್ದೇವೆ. ಮಕ್ಕಳ ವಿಭಾಗದ ಮೇಡಂ ಮುಂದಿನ ವಾರ ಬನ್ನಿ ಎಂದಿದ್ದಾರೆ.